ಜಿಗ್‌ಗೆ ಕುಚ್ಚು ಕಟ್ಟಲು ಗೇಣುದ್ದ ತಾಮ್ರದ ತಂತಿ ಸಾಕು

ಗೊರೂರು ಹಿನ್ನೀರಿನಲ್ಲಿ ಕೊರವ ಮೀನಿಗೆ ಜಿಗ್ (ಸೀಸದ ತಲೆಯ ಕೊಕ್ಕೆಗೆ ಎಳೆಗಳ ಕುಚ್ಚು ಕಟ್ಟಿದ ಗಾಳ) ಎಸೆಯುವವರೆಲ್ಲ ಇದನ್ನು ಕಂಡಿರುತ್ತಾರೆ. ಮೂರ್ನಾಲ್ಕು ಮೀನು ಕಚ್ಚಿ ಎಳೆದ ಮೇಲೋ, ಮುಳುಗಿದ ಮರದ ಬೊಡ್ಡೆಗೆ ಉಜ್ಜಿದ ಮೇಲೋ, ಸೀಸದ ತಲೆಯ ಹಿಂದಿದ್ದ ಕುಚ್ಚು ಕೊಕ್ಕೆಯ ಬಾಗಿನವರೆಗೆ ಜಾರಿ ಮುದುರಿರುತ್ತದೆ. ಅಂಗಡಿ ಜಿಗ್‌ಗಳಲ್ಲಿ ಸಾಮಾನ್ಯವಾಗಿ ಕುಚ್ಚನ್ನು ಹಿಡಿದಿರುವುದು ಒಂದು ರಬ್ಬರ್ ಬಳೆ. ಬಿಸಿಲಿಗೆ ಅದು ಸಡಿಲವಾಗುತ್ತದೆ, ಆಮೇಲೆ ಬಿರಿಯುತ್ತದೆ. ತಾಮ್ರದ ತಂತಿಯಲ್ಲಿ ಕಟ್ಟಿದರೆ ಎಳೆಗಳು ಸವೆದರೂ ಕಟ್ಟು ಅಲುಗುವುದಿಲ್ಲ. ಕೈ ಪಳಗಿದ ಮೇಲೆ ಐದು ನಿಮಿಷದ ಕೆಲಸ.

ಸ್ಕರ್ಟ್ ಎಂದು ಕರೆಯುವ ಇದನ್ನು ನಾನು ಕುಚ್ಚು ಎನ್ನುವುದಕ್ಕೆ ಕಾರಣವಿದೆ. ಸೀರೆ ಸೆರಗಿಗೆ ಕುಚ್ಚು ಕಟ್ಟುವವರ ಕೈ ನೋಡಿದ್ದರೆ ನಿಮಗೆ ಅರ್ಧ ಕೆಲಸ ಬಂದ ಹಾಗೆಯೇ. ನನ್ನ ಮೊದಲ ಜಿಗ್‌ಗಳಲ್ಲಿ ಎಳೆಗಳೆಲ್ಲ ಒಂದೇ ಪಕ್ಕಕ್ಕೆ ಗುಡ್ಡೆಯಾಗುತ್ತಿದ್ದವು. ತಿದ್ದಿದವಳು ಅಕ್ಕ: "ಎಳೆ ಒಂದರ ಮೇಲೊಂದು ಹತ್ತಬಾರದು ಕಣೋ, ಪಕ್ಕಪಕ್ಕ ಕೂರ್ಬೇಕು." ಇಡೀ ಕೆಲಸದ ಗುಟ್ಟು ಆ ಮಾತಿನಲ್ಲೇ ಇದೆ.

ತಂತಿಗೆ ಹಾಸನದಲ್ಲಾಗಲಿ ಬೇಲೂರಿನಲ್ಲಾಗಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವ ಅಂಗಡಿಗೆ ಹೋಗಿ. 28 ಗೇಜಿನ ತಂತಿಯ ತುಂಡುಗಳನ್ನು ಕೇಳಿ, ದಪ್ಪ 0.38 ಮಿಲಿಮೀಟರಿನಷ್ಟು. ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು, ಇದನ್ನು ನೆನಪಿಡಿ. ಸುಟ್ಟ ಮೋಟಾರಿನಿಂದ ಬಿಚ್ಚಿದ್ದು ಬೇಡ, ಅದರ ಮೇಲಿನ ಲೇಪ ಕರಿಕಾಗಿ ಉದುರುತ್ತದೆ. ಕಟ್ಟಡದ ಕಂಬಿ ಕಟ್ಟುವ ಬೈಂಡಿಂಗ್ ವೈರ್ ಕೂಡ ಬೇಡ. ದಪ್ಪ, ಒರಟು, ನೀರು ಸೋಕಿದರೆ ತುಕ್ಕು.

ಉಳಿದಂತೆ ಬೇಕಾದದ್ದು ಕಟಿಂಗ್ ಪ್ಲೇಯರ್, ಹರಿತವಾದ ಕತ್ತರಿ, ಜಿಗ್ ಹಿಡಿಯಲು ಸಣ್ಣ ವೈಸ್. ವೈಸ್ ಇಲ್ಲದಿದ್ದರೆ ಇನ್ನೊಂದು ಇಕ್ಕಳದ ಹಿಡಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಅದು ಕೊಕ್ಕೆಯನ್ನು ಕಚ್ಚಿಕೊಂಡಿರುವಂತೆ ಮಾಡಿ. ಕುಚ್ಚಿಗೆ ಸಿಲಿಕೋನ್ ಎಳೆಗಳ ಪಟ್ಟಿ ಒಳ್ಳೆಯದು. ಸಿಗದಿದ್ದರೆ ಬಲೂನನ್ನು 2 ಮಿಲಿಮೀಟರ್ ಅಗಲಕ್ಕೆ ಸೀಳಿ, ಅಂಟಿಕೊಳ್ಳದಂತೆ ಸ್ವಲ್ಪ ಪೌಡರ್ ಉದುರಿಸಿ. ಸೀಸದ ತಲೆಯನ್ನು ನೀವೇ ಎರಕ ಹೊಯ್ಯುವುದಾದರೆ ಅಡುಗೆಮನೆಯಲ್ಲಿ ಖಂಡಿತ ಬೇಡ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ. ಒಂದು ಹನಿ ನೀರು ಬಿದ್ದರೂ ಸಿಡಿಯುತ್ತದೆ. ಅದರ ಹೊಗೆ, ಪುಡಿ ಮಕ್ಕಳಿಗೆ ವಿಷ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಮೊದಲು ಕೊಕ್ಕೆಯ ಬಾಗನ್ನು ವೈಸಿಗೆ ಸಿಕ್ಕಿಸಿ. ತಲೆಯ ಹಿಂದೆ ಸೀಸದ ಸಣ್ಣ ಕತ್ತು ಇರುತ್ತದಲ್ಲ, ಕಟ್ಟು ಬೀಳಬೇಕಾದ್ದು ಅಲ್ಲೇ. ಎರಡೂ ತುದಿ ಇನ್ನೂ ಕೂಡಿಕೊಂಡಿರುವ ಎರಡು ಪಟ್ಟಿ ತೆಗೆದುಕೊಂಡು ಒಂದನ್ನು ಕತ್ತಿನ ಮೇಲೆ, ಇನ್ನೊಂದನ್ನು ಕೆಳಗೆ ಇಡಿ. ಪಟ್ಟಿಯ ನಡುಭಾಗ ಕತ್ತಿನ ಮೇಲೆ ಬರಲಿ. ಅರ್ಧ ತಲೆಯತ್ತ, ಅರ್ಧ ಕೊಕ್ಕೆಯತ್ತ. ಮುಂದಕ್ಕೆ ಚಾಚಿದ ಅರ್ಧ ಕಟ್ಟಿದ ಮೇಲೆ ಹಿಂದಕ್ಕೆ ಮಡಚಿಕೊಂಡು ಕುಚ್ಚಿಗೆ ಉಬ್ಬು ಕೊಡುತ್ತದೆ. ಎಲ್ಲ ಎಳೆಗಳನ್ನೂ ಹಿಂದಕ್ಕೇ ಇಟ್ಟು ಕಟ್ಟಿದರೆ ನೀರಿನಲ್ಲಿ ಪೊರಕೆಯ ಹಾಗೆ ಸಾಗುತ್ತದೆ, ಅರಳುವುದಿಲ್ಲ.

ಗೇಣುದ್ದ ತಂತಿಯನ್ನು ಮೂರು ಸುತ್ತು ಸುತ್ತಿ, ಸಡಿಲವಾಗಿಯೇ. ಈಗ ಉಗುರಿನಿಂದ ಎಳೆಗಳನ್ನು ಸರಿಸುತ್ತಾ ಕತ್ತಿನ ಸುತ್ತ ಸಮವಾಗಿ ಹರಡಿ. ಇಲ್ಲಿ ಆತುರ ಬೇಡ. ಬಿಗಿದ ಮೇಲೆ ಒಂದು ಎಳೆಯನ್ನೂ ಸರಿಸಲಾಗುವುದಿಲ್ಲ.

ಎರಡೂ ತುದಿಗಳನ್ನು ಕೈಯಲ್ಲೇ ಎರಡು ತಿರುವು ಹೊಸೆದು, ಆಮೇಲೆ ಪ್ಲೇಯರಿನಲ್ಲಿ ಹಿಡಿಯಿರಿ. ಹೊರಕ್ಕೆ ಎಳೆಯುತ್ತಾ ತಿರುಗಿಸಬೇಕು. ಎಳೆಯದೆ ತಿರುಗಿಸಿದರೆ ತುದಿ ಹುರಿಯಾಗುತ್ತದೆಯೇ ಹೊರತು ಸುತ್ತು ಬಿಗಿಯುವುದಿಲ್ಲ. ಎಳೆಗಳು ತಂತಿಯ ಎರಡೂ ಬದಿಗೆ ಉಬ್ಬಿ ನಿಂತು, ಹುರಿ ಕತ್ತಿಗೆ ತಾಗಿತೆಂದರೆ ನಿಲ್ಲಿಸಿ. ಇನ್ನರ್ಧ ತಿರುವು ಹಾಕಿದಿರೋ, ತಾಮ್ರ ತುಂಡಾಗುತ್ತದೆ, ಇಲ್ಲವೇ ತಂತಿಯೇ ಸಿಲಿಕೋನನ್ನು ಕೊಯ್ಯುತ್ತದೆ. ಆ ಅರ್ಧ ತಿರುವಿಗೆ ನಾನು ಕಳೆದುಕೊಂಡ ಕುಚ್ಚುಗಳಿಗೆ ಲೆಕ್ಕವಿಲ್ಲ.

ಹುರಿಯನ್ನು 3 ಮಿಲಿಮೀಟರ್ ಉಳಿಸಿ ಕತ್ತರಿಸಿ, ಕೊಕ್ಕೆಯತ್ತ ಮಡಚಿ, ಎಳೆಗಳ ಅಡಿಗೆ ಒತ್ತಿ. ಎದ್ದು ನಿಂತರೆ ಜೊಂಡು ಸಿಕ್ಕಿಕೊಳ್ಳುತ್ತದೆ, ಬೆರಳೂ ಕೊಯ್ಯುತ್ತದೆ. ಪಟ್ಟಿಯ ಕೂಡಿದ ತುದಿಗಳನ್ನು ಈಗ ಕತ್ತರಿಸಿ. ಎಳೆಗಳನ್ನು ಹಿಂದಕ್ಕೆ ನೀವಿ, ಕೊಕ್ಕೆಯ ಬಾಗಿಗಿಂತ ಒಂದು ಬೆರಳು ಹೆಚ್ಚು ಉಳಿಯುವಂತೆ ಸವರಿ. ತೀರಾ ಉದ್ದವಾದರೆ ಮೀನು ಬಾಲವನ್ನಷ್ಟೇ ಕಚ್ಚಿ ಬಿಡುತ್ತದೆ.

ಬಕೆಟ್ ನೀರಿನಲ್ಲಿ ದಾರ ಹಿಡಿದು ಎತ್ತಿ ಇಳಿಸಿ ನೋಡಿ. ಎಳೆದಾಗ ಮುಚ್ಚಿ, ನಿಲ್ಲಿಸಿದಾಗ ಕುಚ್ಚು ಅರಳಬೇಕು. ಒಂದು ಕಡೆ ಬೋಳಾಗಿ ಕಂಡರೆ ಬಿಚ್ಚಿ ಮತ್ತೆ ಕಟ್ಟಿ.

ಮಳೆಗಾಲದ ಕೆಂಪು ನೀರಿಗೆ ಕಪ್ಪು, ಕಡು ನೀಲಿ ಎಳೆ ಹಾಕಿ. ಬೇಸಿಗೆಯ ತಿಳಿ ನೀರಿಗೆ ಕಂದು, ಪಾಚಿ ಹಸಿರು. ಮೀನುಗಾರಿಕೆ ಇಲಾಖೆಯ ಪರವಾನಗಿ ಇರಲಿ. ರಾಮನಾಥಪುರದ ಕಾವೇರಿಯಲ್ಲಿ, ಶೃಂಗೇರಿಯ ತುಂಗೆಯಲ್ಲಿ ಮಾತ್ರ ಗಾಳ ತೆಗೆಯಲೇಬೇಡಿ. ಅವು ದೇವರ ಮೀನುಗಳಿಗೆ ಬಿಟ್ಟ ಮಡುಗಳು.

ದಡದಲ್ಲೇ ಕೂತು ಹಳೆಯ ಕುಚ್ಚು ಬಿಚ್ಚಿ ಹೊಸದು ಕಟ್ಟುವುದುಂಟು. ಕತ್ತರಿಸಿದ ತಂತಿಯ ಚೂರುಗಳನ್ನು ಡಬ್ಬಿಗೆ ಹಾಕಿಕೊಂಡು ಬನ್ನಿ. ನೀರು ಇಳಿದ ಮೇಲೆ ಅದೇ ದಡದಲ್ಲಿ ಹುಲ್ಲು ಚಿಗುರಿ, ಹಳ್ಳಿಯ ದನಗಳು ಮೇಯಲು ಬರುತ್ತವೆ.