ಪಯಸ್ವಿನಿಗೊಂದು ಕೆನ್ನೀರಿನ ಉಡುಪು

ಗೇಣಿಗಿಂತ ತುಸು ಎತ್ತರದ ಬೊಂಬೆಗೆ ಹತ್ತಿ ಬಟ್ಟೆಯ ಲಂಗ ಹೊಲಿದು ತೊಡಿಸಿ ನೋಡಿದವರಿಗೆ, ಅದು ನೆರಿಗೆಯಾಗಿ ಇಳಿಯದೆ ಸುತ್ತಲೂ ಸೆಟೆದು ನಿಲ್ಲುವುದು ಗೊತ್ತಿರುತ್ತದೆ. ಹೊಲಿಗೆ ಎಷ್ಟೇ ನಾಜೂಕಾಗಿದ್ದರೂ ಹೀಗೆಯೇ ಆಗುತ್ತದೆ. ಬೊಂಬೆಯ ಅಳತೆಯನ್ನು ಮನುಷ್ಯನ ಆರನೆಯ ಒಂದು ಪಾಲಿಗೆ ಇಳಿಸಬಹುದು. ಆದರೆ ಬಟ್ಟೆಯ ನೂಲಿನ ದಪ್ಪವಾಗಲಿ ಬಿಗಿಯಾಗಲಿ ಅದರೊಂದಿಗೆ ಇಳಿಯುವುದಿಲ್ಲ. ಅರ್ಧ ಮಿಲಿಮೀಟರ್ ದಪ್ಪದ ಬಟ್ಟೆ ಅಂಥ ಬೊಂಬೆಯ ಮೈಮೇಲೆ ಮೂರು ಮಿಲಿಮೀಟರ್ ದಪ್ಪದ ಕಂಬಳಿಯಷ್ಟು ಒರಟಾಗಿ ಕಾಣುತ್ತದೆ, ಮತ್ತು ಅಷ್ಟು ಸಣ್ಣ ತುಂಡಿಗೆ ತನ್ನ ಭಾರದಿಂದಲೇ ಬಾಗಿ ಇಳಿಯುವಷ್ಟು ತೂಕ ಇರುವುದಿಲ್ಲ. 1945ರಲ್ಲಿ, ಯುದ್ಧದಿಂದ ಬಟ್ಟೆಗೆ ಬರ ಬಂದಿದ್ದ ಪ್ಯಾರಿಸ್‌ನಲ್ಲಿ, ಅಲ್ಲಿನ ಹೆಸರಾಂತ ವಸ್ತ್ರವಿನ್ಯಾಸಕರು ತಂತಿಯ ಬೊಂಬೆಗಳಿಗೆ ಉಡುಪು ತೊಡಿಸಿ ‘ತೆಯಾತ್ರ್ ದ ಲಾ ಮೋದ್’ ಎಂಬ ಪ್ರದರ್ಶನ ನಡೆಸಿದ್ದರು. ಆ ಬೊಂಬೆಗಳು ಸುಮಾರು 70 ಸೆಂಟಿಮೀಟರ್ ಎತ್ತರದವು, ಅಂದರೆ ಮನುಷ್ಯನ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಆ ಅಳತೆಯವರೆಗೆ ನಿಜವಾದ ಬಟ್ಟೆ ಹೇಗೋ ಮಾತು ಕೇಳುತ್ತದೆ. ಅದಕ್ಕಿಂತ ಕೆಳಗಿಳಿದರೆ ಬಟ್ಟೆಯನ್ನು ಬಿಟ್ಟು ಬೇರೆ ವಸ್ತುಗಳನ್ನು ಹುಡುಕುವುದೇ ಲೇಸು.

ಕಾಸರಗೋಡಿನ ಕಡೆಯ ಮನೆಗಳಲ್ಲಿ ಇದಕ್ಕಾಗಿ ಅಂಗಡಿಗೆ ಹೋಗಬೇಕಾಗಿಲ್ಲ. ತೋಟದಲ್ಲಿ ಅಡಿಕೆಯ ಹಾಳೆ (ಸೋಗೆಯ ಬುಡದ ಅಗಲವಾದ ಕವಚ) ಬಿದ್ದಿರುತ್ತದೆ, ತೆಂಗಿನ ಮಡಲಿನ ಬುಡದಲ್ಲಿ ಕಂದು ಬಣ್ಣದ ಜಾಲರಿ ಸಿಗುತ್ತದೆ, ಅಡುಗೆಮನೆಯ ಬುಟ್ಟಿಯ ತಳದಲ್ಲಿ ನೀರುಳ್ಳಿ, ಬೆಳ್ಳುಳ್ಳಿಗಳ ಸಿಪ್ಪೆ ಉಳಿದಿರುತ್ತದೆ. ಇವುಗಳಿಂದ ಒಂದು ಕಾಲ್ಪನಿಕ ಉಡುಪನ್ನು ರೂಪಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ. ಕಲ್ಪನೆ ಇಷ್ಟೆ: ಚಂದ್ರಗಿರಿ ಎಂದೂ ಕರೆಯಲಾಗುವ ನಮ್ಮ ಪಯಸ್ವಿನಿ ಹೊಳೆ ಹೆಣ್ಣಾಗಿ ಎದ್ದು ಬಂದರೆ ಮಳೆಗಾಲದ ಮೊದಲ ಕೆನ್ನೀರಿನ ದಿನ ಏನನ್ನು ಉಟ್ಟಿರಬಹುದು? ಕೆಂಪು ನೀರಿಗೆ ನೀರುಳ್ಳಿ ಸಿಪ್ಪೆ, ಅಂಚಿನ ನೊರೆಗೆ ಬೆಳ್ಳುಳ್ಳಿ ಸಿಪ್ಪೆ, ದಡದ ತೋಟಕ್ಕೆ ಹಾಳೆಯ ರವಕೆ. ಮೊದಲು ಚಿತ್ರ ಬರೆದು ಆಮೇಲೆ ಅದಕ್ಕೆ ಒಗ್ಗುವ ವಸ್ತುವನ್ನು ಹುಡುಕುವ ಕ್ರಮ ಈ ಕೆಲಸದಲ್ಲಿ ಸಾಮಾನ್ಯವಾಗಿ ನಿರಾಸೆಯಲ್ಲಿ ಮುಗಿಯುತ್ತದೆ. ವಸ್ತುವನ್ನು ಕೈಯಲ್ಲಿ ಹಿಡಿದು, ಅದು ಯಾವ ಕಡೆಗೆ ಬಾಗುತ್ತದೆ, ಎಲ್ಲಿ ಸೀಳುತ್ತದೆ, ಒದ್ದೆಯಾದರೆ ಏನಾಗುತ್ತದೆ ಎಂಬುದನ್ನು ನೋಡಿದ ಮೇಲೆ ಪೆನ್ಸಿಲ್ ಎತ್ತಿಕೊಳ್ಳುವುದು ಒಳ್ಳೆಯದು.

ಮೈ ಮತ್ತು ಅಳತೆ

ಆರನೆಯ ಒಂದು ಪಾಲಿನ ಅಳತೆಯನ್ನು ಇಟ್ಟುಕೊಂಡರೆ ಲೆಕ್ಕ ಸುಲಭ. 165 ಸೆಂಟಿಮೀಟರ್ ಎತ್ತರದ ಹೆಂಗಸು 27.5 ಸೆಂಟಿಮೀಟರ್ ಆಗುತ್ತಾಳೆ. ಎದೆಸುತ್ತು 14, ಸೊಂಟ 11, ಸೊಂಟದಿಂದ ನೆಲಕ್ಕೆ 17 ಸೆಂಟಿಮೀಟರ್. ತಂತಿಯನ್ನು ಬಾಗಿಸಿ, ಹಳೆಯ ಪತ್ರಿಕೆಯನ್ನು ಬಿಗಿಯಾಗಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಟೇಪು ಹಚ್ಚಿದರೆ ಮೈ ಸಿದ್ಧ. ಟೇಪನ್ನು ಬಿಡಬಾರದು, ಅದಿಲ್ಲದಿದ್ದರೆ ಒದ್ದೆ ಹಾಳೆಯೂ ಅಂಟೂ ಕಾಗದಕ್ಕೆ ಹಿಡಿದುಕೊಂಡು, ಒಣಗಿದ ಉಡುಪು ಬೊಂಬೆಯ ಮೈಯಿಂದ ಬಿಡುವುದೇ ಇಲ್ಲ.

ಹಾಳೆಯ ರವಕೆ

ಬೇಸಗೆಯಲ್ಲಿ ಬಿದ್ದು ಮಳೆ ಕಾಣದ ಹಾಳೆಯನ್ನೇ ಆರಿಸಬೇಕು. ಕಪ್ಪು ಚುಕ್ಕೆಗಳಿರುವ ಹಾಳೆಗೆ ಬೂಸ್ಟು ಆಗಲೇ ಒಳಹೊಕ್ಕಿರುತ್ತದೆ. ನಮ್ಮ ಹಿರಿಯರು ಮುಟ್ಟಾಳೆ, ಅಂದರೆ ಹಾಳೆಯ ಟೊಪ್ಪಿ, ಮಾಡುತ್ತಿದ್ದಾಗ ಹಾಳೆಯ ಬೆನ್ನಿನ ದಪ್ಪ ಭಾಗವನ್ನು ಬಿಟ್ಟು ಅಂಚಿನ ತೆಳುವಾದ ಕಡೆಯನ್ನು ಬಳಸುತ್ತಿದ್ದರು. ರವಕೆಗೂ ಅದೇ ಭಾಗ ಬೇಕು. ಒಂದಂಗೈ ಅಗಲದ ತುಂಡನ್ನು ಅರ್ಧ ಗಂಟೆ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಮೂಲೆಯೊಂದರಲ್ಲಿ ಉಗುರು ಹಾಕಿ ಒಳಮೈಯ ಪೊರೆಯನ್ನು ಮೆಲ್ಲಗೆ ಎಬ್ಬಿಸಿದರೆ ಅದು ಬಿಳಿಚಿದ, ಅರೆಪಾರದರ್ಶಕ ಪದರವಾಗಿ ಸುಲಿದು ಬರುತ್ತದೆ. ಈ ಪೊರೆಯನ್ನು ಎಸೆಯದೆ ಪುಸ್ತಕದ ನಡುವೆ ಒಣಗಿಸಿ ಇಟ್ಟುಕೊಳ್ಳಬೇಕು. ತೋಳಿಗೆ ಅದಕ್ಕಿಂತ ಒಳ್ಳೆಯ ವಸ್ತು ಇನ್ನೊಂದು ನನಗೆ ಕಂಡಿಲ್ಲ.

ಹಾಳೆಯಲ್ಲಿ ನಾರಿನ ಎಳೆಗಳು ಉದ್ದಕ್ಕೆ ಮಾತ್ರ ಸಾಗುತ್ತವೆ. ಆ ಎಳೆಗಳು ಹೆಗಲಿನಿಂದ ಸೊಂಟದ ಕಡೆಗೆ ಇಳಿಯುವಂತೆ ತುಂಡನ್ನು ಇಟ್ಟರೆ ಅದು ಮೈಯ ಸುತ್ತ ತಾನಾಗಿ ಸುತ್ತಿಕೊಳ್ಳುತ್ತದೆ. ಅಡ್ಡಕ್ಕೆ ಇಟ್ಟರೆ ಎದೆಯ ಬಳಿ ಒಂದೊಂದು ಎಳೆಯೂ ಮುರಿದು ಬಿರುಕು ಬಿಡುತ್ತದೆ. ಸೊಂಟದ ಕಡೆ ಎರಡು ಸೆಂಟಿಮೀಟರ್ ಉದ್ದದ ನಾಲ್ಕು ಸಣ್ಣ ತ್ರಿಕೋನಗಳನ್ನು ಕತ್ತರಿಸಿ ತೆಗೆದು, ಅಂಚುಗಳನ್ನು ಒಂದರ ಮೇಲೊಂದು ತಂದು, ಒದ್ದೆಯಿರುವಾಗಲೇ ಹತ್ತಿಯ ಪಟ್ಟಿಯಿಂದ ಬೊಂಬೆಗೆ ಬಿಗಿದು ನೆರಳಿನಲ್ಲಿ ಒಂದು ದಿನ ಒಣಗಲು ಬಿಡಬೇಕು. ಬಿಸಿಲಿಗಿಟ್ಟರೆ ಬೇಗ ಒಣಗುತ್ತದೆ ನಿಜ, ಆದರೆ ಹೊರಮೈ ಒಳಮೈಗಿಂತ ಮೊದಲೇ ಕುಗ್ಗಿ ಅಂಚುಗಳು ಹೊರಕ್ಕೆ ಸುರುಳುತ್ತವೆ. ಪಟ್ಟಿ ಬಿಚ್ಚಿದಾಗ ರವಕೆ ತನ್ನ ಆಕಾರದಲ್ಲಿಯೇ ನಿಂತಿರುತ್ತದೆ. ಹಿಂಬದಿಯಲ್ಲಿ ದಪ್ಪ ಸೂಜಿಯಿಂದ ತೂತುಗಳನ್ನು ಮಾಡಿ ಬಾಳೆಯ ನಾರಿನಿಂದ ಕಟ್ಟುವುದು ಸಾಕು, ಅಂಟು ಬೇಕಾಗಿಲ್ಲ.

ಲಂಗದ ಚೌಕಟ್ಟು

ಒಳಗಿನ ಆಧಾರಕ್ಕೆ ಹಿಡಿಸೂಡಿಯ, ಅಂದರೆ ತೆಂಗಿನ ಗರಿಯ ಪೊರಕೆಯ, ಕಡ್ಡಿ ಬೇಕು. ಹಳೆಯ ಹಿಡಿಸೂಡಿಯ ಕಡ್ಡಿಯನ್ನು ಹಾಗೆಯೇ ಬಾಗಿಸಿದರೆ ಮುರಿಯುತ್ತದೆಯಾದ್ದರಿಂದ ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಡಬೇಕು, ಇಲ್ಲವೇ ಹಸಿ ಮಡಲಿನಿಂದ ಹೊಸದಾಗಿ ಸೀಳಿಕೊಳ್ಳಬೇಕು. ಕೆಳಗಿನ ಬಳೆಯ ವ್ಯಾಸ 16 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಸುಮಾರು 52 ಸೆಂಟಿಮೀಟರ್ ಉದ್ದದ ಕಡ್ಡಿ ಬೇಕಾಗುತ್ತದೆ. ಅದರ ಮೇಲೆ 11 ಮತ್ತು 6 ಸೆಂಟಿಮೀಟರ್ ವ್ಯಾಸದ ಇನ್ನೆರಡು ಬಳೆಗಳು. ಮೂರನ್ನೂ ಆರು ನೂಲುಗಳಿಂದ ಸೊಂಟದ ಪಟ್ಟಿಗೆ ತೂಗುಬಿಡಬೇಕು. ಕಡ್ಡಿಯ ಬುಡ ದಪ್ಪ, ತುದಿ ತೆಳು ಆಗಿರುವುದರಿಂದ ಬಳೆಗಳ ಗಂಟುಗಳು ಒಂದೇ ಕಡೆ ಬಂದರೆ ಲಂಗ ಆ ಕಡೆಗೆ ವಾಲುತ್ತದೆ. ಗಂಟುಗಳನ್ನು ಬೇರೆ ಬೇರೆ ಕಡೆಗೆ ತಿರುಗಿಸಿ ಕಟ್ಟಬೇಕು.

ಇದರ ಮೇಲೆ ತೆಂಗಿನ ಜಾಲರಿಯನ್ನು ಹೊದೆಸಬೇಕು. ಯಾರೂ ನೇಯದೆಯೇ ಎಳೆಗಳು ಒಂದರ ಮೇಲೊಂದು ಓರೆಯಾಗಿ ಹಾಸಿಕೊಂಡಿರುವ ಈ ಜಾಲರಿಯನ್ನು ಉದ್ದಕ್ಕೆ ಎಳೆದರೆ ಅಗಲ ಕಿರಿದಾಗುತ್ತದೆ, ಅಗಲಕ್ಕೆ ಎಳೆದರೆ ಉದ್ದ ಕುಗ್ಗುತ್ತದೆ; ಆದಕಾರಣ ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವ ಲಂಗದ ಆಕಾರಕ್ಕೆ ಅದನ್ನು ಒಂದೂ ಹೊಲಿಗೆಯಿಲ್ಲದೆ ಕೂರಿಸಬಹುದು. ಮೊದಲು ಅದನ್ನು ಸ್ವಲ್ಪ ವಾಶಿಂಗ್ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಬೇಕು. ಒಣ ಜಾಲರಿಯನ್ನು ಕೊಡವುವಾಗ ಬರುವ ಧೂಳು ಗಂಟಲಿಗೆ ಕೆಟ್ಟದ್ದು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

ಕೆನ್ನೀರು ಮತ್ತು ನೊರೆ

ಹೆಚ್ಚು ತಾಳ್ಮೆ ಬೇಕಾಗುವುದು ಇಲ್ಲಿ. ನೀರುಳ್ಳಿಯ ಹೊರಗಿನ ಒಣ ಸಿಪ್ಪೆಗಳನ್ನು ತಾಮ್ರದ ಬಣ್ಣ, ನಸುಗೆಂಪು, ನೇರಳೆ ಎಂದು ಬೇರೆ ಮಾಡಿ ಮೂರು ರಾಶಿಗಳಾಗಿ ಇಡಬೇಕು. ಕೆಂಪು ನೀರುಳ್ಳಿಯ ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್ ಎಂಬ ವರ್ಣದ್ರವ್ಯ ಕ್ಷಾರ ತಗಲಿದರೆ ಹಸಿರುಗಟ್ಟುತ್ತದೆ, ಹುಳಿ ತಗಲಿದರೆ ಕೆಂಪೇರುತ್ತದೆ. ಹಾಗಾಗಿ ಜಾಲರಿಯನ್ನು ತೊಳೆದ ಸೋಡಾದ ಪಾತ್ರೆಯಲ್ಲಿ ಇವನ್ನು ಅದ್ದಬಾರದು. ಒಂದು ಲೋಟ ನೀರಿಗೆ ಒಂದು ಚಮಚ ನಿಂಬೆರಸ ಬೆರೆಸಿ ಅದರಲ್ಲಿ ಅದ್ದಿ ತೆಗೆದರೆ ಕೆಂಪು ಚೆನ್ನಾಗಿ ನಿಲ್ಲುತ್ತದೆ. ಜಾಲರಿಯನ್ನೂ ಸೋಡಾದ ಅಂಶ ಉಳಿಯದಂತೆ ಎರಡು ಮೂರು ನೀರಿನಲ್ಲಿ ಜಾಲಿಸಿರಬೇಕು. ಸಿಪ್ಪೆ ಇನ್ನೂ ಹಸಿಯಿರುವಾಗಲೇ ಎರಡು ಕಾಗದಗಳ ನಡುವೆ ಇಟ್ಟು ಕಡಿಮೆ ಬಿಸಿಯ ಇಸ್ತ್ರಿಪೆಟ್ಟಿಗೆಯನ್ನು ಒತ್ತಿದರೆ ಅದು ಸಪಾಟಾಗಿ, ಗೆರೆಗಳು ಎದ್ದು ಕಾಣುವಂತೆ ಒಣಗುತ್ತದೆ.

ಅಂಟಿಸುವ ಕ್ರಮ ಮುಳಿಹುಲ್ಲಿನ ಮಾಡು ಹೊದೆಸುವ ಕ್ರಮವೇ: ಅಂಚಿನಿಂದ ಆರಂಭಿಸಿ ಮೇಲಕ್ಕೆ ಹೋಗಬೇಕು, ಮೇಲಿನ ಸಾಲು ಕೆಳಗಿನ ಸಾಲಿನ ಅರ್ಧವನ್ನು ಮುಚ್ಚಬೇಕು. ಅಂಟನ್ನು ಸಿಪ್ಪೆಯ ಮೇಲಂಚಿಗೆ ಮಾತ್ರ, ತೀರಾ ತೆಳುವಾಗಿ ಹಚ್ಚಬೇಕು. ಇಡೀ ಸಿಪ್ಪೆಗೆ ಬಳಿದರೆ ಅದು ಸುಕ್ಕುಗಟ್ಟುತ್ತದೆ, ಮಾತ್ರವಲ್ಲ, ಬಿಡುಬಿಡಾಗಿ ನಿಂತ ತುದಿಗಳಿಂದಲೇ ಬರುವ ನೀರಿನ ಚಲನೆ ಸತ್ತುಹೋಗುತ್ತದೆ. ಸಿಪ್ಪೆಯ ಸಹಜ ಗೆರೆಗಳು ಮೇಲಿನಿಂದ ಕೆಳಕ್ಕೆ ಇಳಿಯಬೇಕು. ನೇರಳೆಯನ್ನು ಸೊಂಟದ ಹತ್ತಿರ, ತಾಮ್ರದ ಬಣ್ಣವನ್ನು ಕೆಳಗೆ ಇಟ್ಟರೆ ಆಳದ ಮಡುವಿನಿಂದ ತೆಳುನೀರಿಗೆ ಬಂದಂತೆ ಕಾಣುತ್ತದೆ. ಬಣ್ಣಗಳ ನಡುವೆ ಗೆರೆ ಎಳೆದಂತಾಗದ ಹಾಗೆ ಒಂದೆರಡು ಸಾಲುಗಳಲ್ಲಿ ಬೆರೆಸಬೇಕು.

ಬೆಳ್ಳುಳ್ಳಿ ಸಿಪ್ಪೆಗೆ ಇಸ್ತ್ರಿ ಬೇಡ. ಅದರ ಸಹಜ ಬಾಗನ್ನು ಉಳಿಸಿಕೊಂಡು, ಚಿಮಟದಿಂದ ಹಿಡಿದು, ಅಂಚಿನಲ್ಲಿ ಒತ್ತೊತ್ತಾಗಿ ಮೂರು ಸಾಲು ಕೂರಿಸಿದರೆ ನೊರೆಯಾಗುತ್ತದೆ. ಈ ಸಿಪ್ಪೆ ಉಸಿರಿಗೂ ಹಾರುವಷ್ಟು ಹಗುರ. ಕೆಲಸ ಮುಗಿಯುವವರೆಗೆ ಫ್ಯಾನ್ ಹಾಕುವಂತಿಲ್ಲ. ಮಾರ್ಚ್ ತಿಂಗಳಿನ ಸೆಕೆಯಲ್ಲಿ ಇದು ಸಣ್ಣ ಶಿಕ್ಷೆಯೇನಲ್ಲ.

ಆಭರಣ

ಮಾತ್ರೆಯ ಪಟ್ಟಿಯ ಹಿಂದಿನ ಅಲ್ಯೂಮಿನಿಯಂ ಹಾಳೆಯನ್ನು ಬೆರಳಿನಿಂದ ಸವರಿ ನುಣುಪಾಗಿಸಿ, ಹಳೆಯ ರಬ್ಬರ್ ಚಪ್ಪಲಿಯ ಮೇಲಿಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿದರೆ ಯಕ್ಷಗಾನದ ಬೇಗಡೆಯ (ಹೊಳೆಯುವ ತೆಳು ತಗಡಿನ) ಕೆಲಸವನ್ನು ಹೋಲುವ ಉಬ್ಬುಚಿತ್ರ ಮೂಡುತ್ತದೆ. ಭುಜಕೀರ್ತಿ, ಎದೆಪದಕ, ಡಾಬು ಇಷ್ಟು ಸಾಕು. ಕಾಸರಗೋಡಿನ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದ ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿಯ) ಬೊಂಬೆಗಳನ್ನು ಹತ್ತಿರದಿಂದ ನೋಡಲು ಅವಕಾಶ ಸಿಕ್ಕವರು, ವೇಷಧಾರಿಯ ಮೈಮೇಲಿನ ಆಭರಣ ಬೊಂಬೆಯ ಮೈಗೆ ಇಳಿಯುವಾಗ ಏನನ್ನು ಉಳಿಸಿಕೊಂಡಿದೆ, ಏನನ್ನು ಬಿಟ್ಟಿದೆ ಎಂಬುದನ್ನು ಗಮನಿಸಬೇಕು. ಇಪ್ಪತ್ತು ಮಣಿಗಳ ಸಾಲನ್ನು ಇಪ್ಪತ್ತಾಗಿಯೇ ಕಿರಿದುಗೊಳಿಸಿದರೆ ಅದು ಬರೀ ಗೀರಾಗಿ ಕಾಣುತ್ತದೆ. ಐದನ್ನು ಸ್ಪಷ್ಟವಾಗಿ ಒತ್ತಿದರೆ ಹಾರವಾಗಿ ಕಾಣುತ್ತದೆ. ಮಣಿಗಳಿಗಾಗಿ ಗುಲಗಂಜಿಯನ್ನು ಮಾತ್ರ ಬಳಸಬೇಡಿ. ನೋಡಲು ಎಷ್ಟೇ ಚೆಂದವಿದ್ದರೂ ಅದರ ತಿರುಳು ಕಡುವಿಷ, ತೂತು ಕೊರೆದರೆ ಆ ವಿಷ ಹೊರಬರುತ್ತದೆ. ಸಾಸಿವೆ, ಗಸಗಸೆ ಈ ಅಳತೆಗೆ ಇನ್ನೂ ಒಪ್ಪುತ್ತವೆ.

ಬೆನ್ನಿನ ಮೇಲಿನಿಂದ ಇಳಿಯುವ ಸೆರಗಿಗೆ ಅಶ್ವತ್ಥದ ಎಲೆಯ ನರಜಾಲವನ್ನು ಬಳಸಬಹುದು. ಎಲೆಯನ್ನು ಕೆಲವು ವಾರ ನೀರಿನಲ್ಲಿ ಕೊಳೆಯಲು ಬಿಟ್ಟು, ತಿರುಳನ್ನು ಮೆತ್ತನೆಯ ಬ್ರಶ್‌ನಿಂದ ತೊಳೆದರೆ ಆಯಿತು. ನೀರನ್ನು ಆಗಾಗ ಬದಲಿಸದಿದ್ದರೆ ವಾಸನೆಗೆ ಮನೆಯವರ ತಕರಾರು ಬರುವುದು ಖಂಡಿತ.

ಮಳೆಗಾಲದಲ್ಲಿ ಉಳಿಸುವುದು

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಈ ಊರಿನಲ್ಲಿ ಉಡುಪನ್ನು ಮಾಡುವುದಕ್ಕಿಂತ ಕಾಪಾಡುವುದು ಕಷ್ಟ. ಸಿಪ್ಪೆಗಳು ಮೆತ್ತಗಿರಲಿ ಎಂದು ಗ್ಲಿಸರಿನ್ ಸವರುವ ಪದ್ಧತಿಯನ್ನು ಒಣಹವೆಯ ಊರುಗಳವರು ಧಾರಾಳವಾಗಿ ಅನುಸರಿಸಬಹುದು; ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಇಲ್ಲಿ ಜೂನ್ ಬಂತೆಂದರೆ ಲಂಗವೆಲ್ಲ ಜಿಗುಟಾಗುತ್ತದೆ. ವಾರ್ನಿಶ್ ಬಳಿಯುವುದನ್ನೂ ನಾನು ಒಪ್ಪುವುದಿಲ್ಲ. ಅದು ತೇವವನ್ನು ತಡೆಯುತ್ತದಾದರೂ ಸಿಪ್ಪೆಯ ಮಂದ ಹೊಳಪನ್ನು ಅಳಿಸಿ, ಎಲ್ಲವನ್ನೂ ಪ್ಲಾಸ್ಟಿಕ್‌ನಂತೆ ಮಾಡುತ್ತದೆ. ಮೈದಾ ಅಂಟು ಬಳಸುವವರು ಹುಳ ಹಿಡಿಯದಂತೆ ಚಿಟಿಕೆ ಮೈಲುತುತ್ತು (ತಾಮ್ರದ ಸಲ್ಫೇಟ್) ಸೇರಿಸುವುದುಂಟು, ಅಡಿಕೆ ತೋಟದ ಮನೆಗಳಲ್ಲಿ ಅದು ಇದ್ದೇ ಇರುತ್ತದೆ. ಆದರೆ ಅದು ವಿಷವಾದ್ದರಿಂದ ಮಕ್ಕಳು ಕೆಲಸದಲ್ಲಿ ಕೈಜೋಡಿಸುವುದಾದರೆ ಬಿಳಿ ಫೆವಿಕಾಲ್ ಬಳಸುವುದೇ ಸರಿ.

ಗಾಜಿನ ಮುಚ್ಚಳದ ಡಬ್ಬಿಯೊಳಗೆ ಔಷಧದ ಸೀಸೆಗಳಲ್ಲಿ ಬರುವ, ತೇವ ಹೀರುವ ಸಿಲಿಕಾ ಪೊಟ್ಟಣಗಳನ್ನೂ ನಾಲ್ಕೈದು ಲವಂಗಗಳನ್ನೂ ಇಟ್ಟು, ಬಿಸಿಲು ನೇರವಾಗಿ ಬೀಳದ ಕಡೆ ಇಡಬೇಕು. ಬೆಳಕಿಗೆ ನೀರುಳ್ಳಿಯ ಕೆಂಪು ಹೇಗೂ ನಿಧಾನವಾಗಿ ಮಾಸುತ್ತದೆ. ಮಾಸಿದ ಸಾಲುಗಳನ್ನು ಮಾತ್ರ ಕಿತ್ತು ಹೊಸ ಸಿಪ್ಪೆ ಕೂರಿಸಲು ಅನುಕೂಲವಾಗಲಿ ಎಂಬುದೇ ಅಂಟನ್ನು ಮೇಲಂಚಿಗೆ ಮಾತ್ರ ಹಚ್ಚಲು ಇನ್ನೊಂದು ಕಾರಣ. ಕೀಳುವಾಗ ಮೇಲಿನಿಂದ ಕೆಳಕ್ಕೆ ಬರಬೇಕು, ಅಂಟಿಸುವಾಗ ಮತ್ತೆ ಕೆಳಗಿನಿಂದಲೇ ಆರಂಭಿಸಬೇಕು.