ಹಳೇ ಒಡವೆ ಶುದ್ಧ ಮಾಡುವಾಗ ನೈಟ್ರಿಕ್ ಸುರಿಯಲು ಅವಸರ ಬೇಡ

ಮೊದಲು ನಮ್ಮ ಅಂಗಡಿಯಲ್ಲೂ ಒಂದು ಪಾಲು ಚಿನ್ನಕ್ಕೆ ಮೂರು ಪಾಲು ಬೆಳ್ಳಿ ಕೂಡಿಸಿ ಕರಗಿಸಿ, ನೈಟ್ರಿಕ್ ಆಸಿಡ್‌ನಲ್ಲಿ ಕುದಿಸಿ ಬೆಳ್ಳಿ, ತಾಮ್ರ ತೆಗೆಯುತ್ತಿದ್ದೆವು. ಅಷ್ಟೊಂದು ಬೆಳ್ಳಿ ಕೈಯಲ್ಲಿರಬೇಕು, ಕಂದು ಹೊಗೆ ಬೇರೆ. ಈಗ 22 ಕ್ಯಾರೆಟ್ ಮಾಲಿಗೆ ನಾನು ಆಕ್ವಾ ರೀಜಿಯಾನೇ ಬಳಸುತ್ತೇನೆ, ಅಂದ್ರೆ ಚಿನ್ನವನ್ನೂ ಕರಗಿಸುವ ಹೈಡ್ರೋಕ್ಲೋರಿಕ್, ನೈಟ್ರಿಕ್ ಆಸಿಡ್‌ಗಳ ಮಿಶ್ರಣ. ಬೆಳ್ಳಿ ಶೇ. 10ಕ್ಕಿಂತ ಜಾಸ್ತಿ ಇರುವ ಮಾಲಿಗೆ ಮಾತ್ರ ಹಳೇ ದಾರಿಯೇ ಸರಿ. ಇಲ್ಲದಿದ್ದರೆ ಆ ಬೆಳ್ಳಿಯೇ ಸಿಲ್ವರ್ ಕ್ಲೋರೈಡ್ ಆಗಿ ಚಿನ್ನದ ಮೇಲೆ ಪದರ ಕಟ್ಟಿ ಆಸಿಡ್ ಒಳಗಿಳಿಯಲು ಬಿಡುವುದಿಲ್ಲ.

ಕರಗಿಸುವಾಗಲೇ ಹುಷಾರಾಗಿರಬೇಕು. ಹಳೇ ಕೆಡಿಎಂ ಒಡವೆಯ ಬೆಸುಗೆಯಲ್ಲಿ ಕ್ಯಾಡ್ಮಿಯಂ ಇರುತ್ತದೆ. ಚಿನ್ನ ಕರಗುವುದು 1064 ಡಿಗ್ರಿಯಲ್ಲಿ, ಕ್ಯಾಡ್ಮಿಯಂ 767ಕ್ಕೇ ಕುದಿಯುತ್ತದೆ, ಆ ಹೊಗೆ ಶ್ವಾಸಕೋಶಕ್ಕೆ ವಿಷ. ಹೊಗೆ ಎಳೆಯುವ ವ್ಯವಸ್ಥೆ ಇಲ್ಲದೆ ಮೂಸೆ ಒಲೆಗೆ ಇಡಲೇಬೇಡಿ.

ಕರಗಿದ್ದನ್ನು ನೀರಿಗೆ ಸುರಿದು ಕಾಳು ಮಾಡಿಕೊಳ್ಳುತ್ತೇನೆ. ಆಮೇಲಿನದೇ ಮುಖ್ಯ. ಮೂರು ಪಾಲು ಹೈಡ್ರೋಕ್ಲೋರಿಕ್‌ಗೆ ಒಂದು ಪಾಲು ನೈಟ್ರಿಕ್ ಅಂತ ಎರಡೂ ಆಸಿಡ್ ಒಟ್ಟಿಗೆ ಬೆರೆಸಿ ಸುರಿಯುವವರೇ ಜಾಸ್ತಿ. ನಾನು ಕಾಳು ಮುಳುಗುವಷ್ಟು ಹೈಡ್ರೋಕ್ಲೋರಿಕ್ ಹಾಕಿ, ಬಿಸಿ ಮಾಡಿ, ನೈಟ್ರಿಕ್ಕನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತೇನೆ, ನೊರೆ ನಿಂತ ಮೇಲೇ ಮುಂದಿನದು, ಕೊನೆಗೆ ಒಂದೆರಡು ಕಾಳು ಕರಗದೆ ಉಳಿದರೂ ಪರವಾಗಿಲ್ಲ, ಯಾಕಂದ್ರೆ ನೈಟ್ರಿಕ್ ಪೂರ್ತಿ ಖರ್ಚಾಯಿತು ಅಂತ ಅದೇ ಹೇಳುತ್ತದೆ. ನೈಟ್ರಿಕ್ ಉಳಿದರೆ ಕೆಳಗೆ ಕೂರುವ ಚಿನ್ನವನ್ನು ಮತ್ತೆ ಕರಗಿಸಿಬಿಡುತ್ತದೆ. ಉಳಿದ ನೈಟ್ರಿಕ್ಕನ್ನು ಕೊಲ್ಲಲು ಯೂರಿಯಾ ಹಾಕುತ್ತಾರಲ್ವಾ, ಹೀಗೆ ಮಾಡಿದರೆ ಅದರ ಅಗತ್ಯವೇ ಬೀಳುವುದಿಲ್ಲ.

ತಣ್ಣಗಾದ ಮೇಲೆ ಐಸ್ ನೀರು ಬೆರೆಸಿ ಬಿಡಿ. ಬೆಳ್ಳಿ ಬಿಳಿ ಕ್ಲೋರೈಡ್ ಆಗಿ ತಳಕ್ಕಿಳಿಯುತ್ತದೆ. ಸೋಸಿ ತೆಗೆದಿಡಿ, ಅದೂ ದುಡ್ಡೇ. ಸೋಸಿದ ನೀರಿಗೆ ಚಿನ್ನ ಇಳಿಸುವ ಸೋಡಿಯಂ ಮೆಟಾಬೈಸಲ್ಫೈಟ್: ಲೆಕ್ಕಕ್ಕೆ 1 ಗ್ರಾಂ ಚಿನ್ನಕ್ಕೆ 0.72 ಗ್ರಾಂ ಸಾಕು, ನಾನು 1 ಗ್ರಾಂ ಹಾಕುತ್ತೇನೆ. ಕಂದು ಪುಡಿ ಕೂರುತ್ತದೆ, ಅದೇ ಚಿನ್ನ. ನೀರು ಬಸಿಯುವ ಮೊದಲು ಒಂದು ಹನಿಗೆ ಸ್ಟಾನಸ್ ಕ್ಲೋರೈಡ್ ಬಿಟ್ಟು ನೋಡಿ. ನೇರಳೆ ಬಂದರೆ ಚಿನ್ನ ಇನ್ನೂ ನೀರಿನಲ್ಲೇ ಇದೆ.

ಪುಡಿಯನ್ನು ಬಿಸಿ ನೀರಲ್ಲಿ, ಆಮೇಲೆ ಹೈಡ್ರೋಕ್ಲೋರಿಕ್‌ನಲ್ಲಿ, ಮತ್ತೆ ನೀರಲ್ಲಿ ತೊಳೆದು, ಒಣಗಿಸಿ, ಬಿಳಿಗಾರದ ಜೊತೆ ಕರಗಿಸಿದರೆ ಆಯಿತು. ಉಳಿದ ಹಸಿರು ನೀರನ್ನು ಸುಮ್ನೆ ಚರಂಡಿಗೆ ಬಿಡಬೇಡಿ. ಅದಕ್ಕೆ ಕಬ್ಬಿಣದ ಚೂರು ಹಾಕಿಟ್ಟರೆ ತಾಮ್ರ ಇಳಿಯುತ್ತದೆ, ಆಮೇಲೆ ಕಾಸ್ಟಿಕ್ ಹಾಕಿ ಹುಳಿ ಮುರಿದು, ಕೆಳಗೆ ಕೂತ ಕೆಸರನ್ನು ಅಪಾಯಕಾರಿ ಕಸ ಒಯ್ಯುವವರಿಗೇ ಕೊಡುತ್ತೇನೆ.