ಸಿಂಟೆಲ್ ಚಿತ್ರಕ್ಕೆ ಕನ್ನಡದ ಮಾತು ಕೂಡಿಸುವುದು ಹೇಗೆ

ಇನ್ಯಾರೋ ಮಾಡಿದ ಸಿನಿಮಾ ತೆಗೆದುಕೊಂಡು, ಅದಕ್ಕೆ ಕನ್ನಡದಲ್ಲಿ ಮಾತು ಹಾಕಿ, ಊರಿನ ಶಾಲೆಯಲ್ಲಿ ತೋರಿಸಿ, ಬೇಕಾದರೆ ಡಿವಿಡಿ ಮಾಡಿ ಮಾರಿದರೂ ಯಾರೂ ತಕರಾರು ಮಾಡದಂಥ ಸಿನಿಮಾಗಳು ನಿಜವಾಗಿಯೂ ಇವೆ. ಬ್ಲೆಂಡರ್ ಅನ್ನುವ ಪುಕ್ಕಟೆ ಅನಿಮೇಶನ್ ಸಾಫ್ಟ್‌ವೇರ್ ನೋಡಿಕೊಳ್ಳುವ ಆಮ್‌ಸ್ಟರ್‌ಡ್ಯಾಮ್‌ನ ಬ್ಲೆಂಡರ್ ಫೌಂಡೇಶನ್ 2006ರಲ್ಲಿ ‘ಎಲಿಫೆಂಟ್ಸ್ ಡ್ರೀಮ್’ ಅನ್ನುವ ಅನಿಮೇಶನ್ ಚಿತ್ರ ಮಾಡಿತು. ಚಿತ್ರದ ಜೊತೆಗೆ ಅದನ್ನು ಕಟ್ಟಿದ ಪ್ರಾಜೆಕ್ಟ್ ಫೈಲ್‌ಗಳನ್ನೂ ಎಲ್ಲರಿಗೂ ಬಿಟ್ಟುಕೊಟ್ಟಿತು. ಆಮೇಲೆ 2008ರಲ್ಲಿ ‘ಬಿಗ್ ಬಕ್ ಬನ್ನಿ’, 2010ರಲ್ಲಿ ‘ಸಿಂಟೆಲ್’, 2012ರಲ್ಲಿ ‘ಟಿಯರ್ಸ್ ಆಫ್ ಸ್ಟೀಲ್’ ಬಂದವು.

ಶುರು ಮಾಡಲು ಸಿಂಟೆಲ್ ಒಳ್ಳೆಯದು. ಹೆಚ್ಚುಕಡಿಮೆ 15 ನಿಮಿಷದ ಕಥೆ. ಕಳೆದುಹೋದ ಡ್ರ್ಯಾಗನ್ ಮರಿಯನ್ನು ಹುಡುಕಿಕೊಂಡು ಒಬ್ಬ ಹುಡುಗಿ ಊರೂರು ಅಲೆಯುತ್ತಾಳೆ. ಮಾತು ಕಡಿಮೆ, ಭಾವ ಜಾಸ್ತಿ. ಆದರೆ ಕೊನೆ ತುಂಬಾ ಸಂಕಟ ಕೊಡುತ್ತದೆ. ಚಿಕ್ಕ ಮಕ್ಕಳಿಗೆ ಬೇಡ, ಹೈಸ್ಕೂಲ್ ಮಕ್ಕಳಿಗೆ ಸರಿ.

ಮೊದಲು ಲೈಸೆನ್ಸ್ ಓದಿ. ಸಿಂಟೆಲ್‌ದು ಕ್ರಿಯೇಟಿವ್ ಕಾಮನ್ಸ್‌ನ, ಅಂದರೆ ಕೃತಿಯನ್ನು ಬೇರೆಯವರೂ ಬಳಸಲು ಮೊದಲೇ ಒಪ್ಪಿಗೆ ಕೊಡುವ ಲೈಸೆನ್ಸ್‌ಗಳ ಪೈಕಿ, ‘ಸಿಸಿ ಬೈ 3.0’. ಮೂಲದವರ ಹೆಸರು, ಲೈಸೆನ್ಸ್‌ನ ಲಿಂಕ್ ಹಾಕಿ, ಏನು ಬದಲಾಯಿಸಿದ್ದೀರಿ ಅಂತ ಹೇಳಿದರೆ ಸಾಕು. ಬೇರೆ ಚಿತ್ರ ಆರಿಸುವುದಾದರೆ ಲೈಸೆನ್ಸ್ ಹೆಸರಿನ ಬಾಲ ನೋಡಿ. ‘ಎನ್‌ಸಿ’ ಇದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ‘ಎಸ್‌ಎ’ ಇದ್ದರೆ ನೀವು ಮಾಡಿದ್ದನ್ನೂ ಅದೇ ಲೈಸೆನ್ಸ್‌ನಲ್ಲಿ ಕೊಡಬೇಕು. ‘ಎನ್‌ಡಿ’ ಇದ್ದರೆ ಡಬ್ ಮಾಡಿ ಹಂಚುವ ಹಾಗೇ ಇಲ್ಲ, ಯಾಕೆಂದರೆ ಡಬ್ಬಿಂಗ್ ಕೂಡ ಬದಲಾವಣೆಯೇ. ಯೂಟ್ಯೂಬ್‌ನಲ್ಲಿ ಪುಕ್ಕಟೆ ನೋಡಲು ಸಿಗುತ್ತದೆ ಅಂದಮಾತ್ರಕ್ಕೆ ಅದು ನಿಮ್ಮ ಕೈಗೆ ಬಂದ ಹಾಗಲ್ಲ.

ವಿಡಿಯೋ ಜೊತೆಗೆ ಇಂಗ್ಲಿಷ್ ಸಬ್‌ಟೈಟಲ್‌ನ ಎಸ್‌ಆರ್‌ಟಿ ಫೈಲನ್ನೂ ಇಳಿಸಿಕೊಳ್ಳಿ. ಪ್ರತಿ ಮಾತು ಯಾವ ಸೆಕೆಂಡಿಗೆ ಶುರುವಾಗಿ ಎಲ್ಲಿ ಮುಗಿಯುತ್ತದೆ ಅನ್ನುವುದು ಅದರಲ್ಲೇ ಇರುತ್ತದೆ, ಅರ್ಧ ಕೆಲಸ ಮುಗಿದ ಹಾಗೆ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಸಮಯವನ್ನು ಮುಟ್ಟದೆ ಮಾತನ್ನು ಮಾತ್ರ ಕನ್ನಡಕ್ಕೆ ಮಾಡಿ. ಸೇವ್ ಮಾಡುವಾಗ ‘ಎನ್‌ಕೋಡಿಂಗ್’ ಅನ್ನುವಲ್ಲಿ ಯುಟಿಎಫ್-8 ಆರಿಸದಿದ್ದರೆ ಕನ್ನಡದ ಬದಲು ಬರೀ ಪ್ರಶ್ನೆಚಿಹ್ನೆಗಳು ಕಾಣಬಹುದು.

ಅನುವಾದಕ್ಕೆ ಮಾತ್ರ ಸಮಯ ಕೊಡಿ. ಪುಸ್ತಕದ ಕನ್ನಡ ಬಾಯಲ್ಲಿ ಕೂರುವುದಿಲ್ಲ. ಬರೆದದ್ದನ್ನು ಚಿತ್ರ ನೋಡುತ್ತಾ ಗಟ್ಟಿಯಾಗಿ ಓದಿ, ತುಟಿ ನಿಂತ ಮೇಲೂ ನಿಮ್ಮ ಮಾತು ಓಡುತ್ತಿದ್ದರೆ ಕತ್ತರಿಸಿ. ಡ್ರ್ಯಾಗನ್ ಮರಿಯ ಹೆಸರಿಗೇ ನಮಗೆ ಎರಡು ದಿನ ಹಿಡಿಯಿತು. ಇಂಗ್ಲಿಷ್‌ನಲ್ಲಿ ಅದು ‘ಸ್ಕೇಲ್ಸ್’, ಅಂದರೆ ಮೀನಿಗೆ ಇರುತ್ತದಲ್ವಾ, ಆ ಹುರುಪೆ. ‘ಹುರುಪೆ’ ಅಂತ ಕೂಗಿಸಿ ನೋಡಿದೆವು, ಮಾತಿನಲ್ಲಿ ಪ್ರೀತಿಯೇ ಬರಲಿಲ್ಲ. ಕೊನೆಗೆ ದನಿ ಕೊಡುತ್ತಿದ್ದ ಪಕ್ಕದ ಮನೆ ಹುಡುಗಿಯೇ, ಕರುವನ್ನು ಕರೆಯುವ ಹಾಗೆ, ‘ಮರೀ!’ ಅಂದಳು. ಆ ದೀರ್ಘ ‘ಈ’ ತೆರೆಯ ಮೇಲಿನ ಬಾಯಿಗೂ ಹೊಂದಿತು, ನಮಗೆಲ್ಲ ಗಂಟಲು ಕಟ್ಟಿತು.

ರೆಕಾರ್ಡಿಂಗ್‌ಗೆ ಸ್ಟುಡಿಯೋ ಬೇಡ, ಒಳ್ಳೆಯ ಫೋನ್ ಸಾಕು. ಬಟ್ಟೆ, ಹಾಸಿಗೆ ತುಂಬಿದ ಕೋಣೆ ಹುಡುಕಿ. ಸ್ಟೀಲ್ ಬೀರು ಇರುವ ಕೋಣೆ ಬೇಡ, ಜೋರಾಗಿ ಕೂಗಿದರೆ ಅದೂ ಸಣ್ಣಗೆ ಝಣ್ ಅನ್ನುತ್ತದೆ. ಫ್ಯಾನ್ ನಿಲ್ಲಿಸಿ. ಬಾಯಿಗೂ ಫೋನಿಗೂ ಒಂದು ಗೇಣು ದೂರ ಇರಲಿ, ಫೋನ್ ಸ್ವಲ್ಪ ಓರೆಯಾಗಿರಲಿ, ಇಲ್ಲದಿದ್ದರೆ ‘ಪ’ ‘ಭ’ ಬಂದಾಗಲೆಲ್ಲ ಗಾಳಿ ಬಡಿಯುತ್ತದೆ. ಪ್ರತಿ ಸಲ ಶುರುವಿನಲ್ಲಿ ಹತ್ತು ಸೆಕೆಂಡ್ ಯಾರೂ ಮಾತಾಡದೆ ಸುಮ್ನೆ ರೆಕಾರ್ಡ್ ಮಾಡಿ. ಆಮೇಲೆ ಆಡಾಸಿಟಿ ಅನ್ನುವ ಪುಕ್ಕಟೆ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಆ ಖಾಲಿ ಭಾಗವನ್ನು ಆರಿಸಿ ‘ನಾಯ್ಸ್ ಪ್ರೊಫೈಲ್’ ತೆಗೆದುಕೊಂಡರೆ ಉಳಿದದ್ದರಿಂದ ಗುಂಯ್‌ಗುಡುವ ಸದ್ದು ಕಳೆಯಬಹುದು. ಜಾಸ್ತಿ ಕಳೆಯಬೇಡಿ, ದನಿ ಬಕೆಟ್ ಒಳಗಿಂದ ಬಂದಂತಾಗುತ್ತದೆ.

ಇನ್ನು ಇಂಗ್ಲಿಷ್ ಮಾತು ತೆಗೆಯುವುದು ಹೇಗೆ? ಸಂಗೀತ ಮತ್ತು ಸದ್ದು ಮಾತ್ರ ಇರುವ ಟ್ರ್ಯಾಕಿಗೆ ಈ ಕೆಲಸದಲ್ಲಿ ‘ಎಂ ಆ್ಯಂಡ್ ಇ’ ಅನ್ನುತ್ತಾರೆ. ಅದು ಸಿಕ್ಕರೆ ಬೇರೇನೂ ಬೇಡ. ಸಿಗದಿದ್ದರೆ 5.1 ಆಡಿಯೋದ (ಆರು ಸ್ಪೀಕರ್‌ಗೆ ಬೇರೆ ಬೇರೆ ಸದ್ದು ಇರುವಂಥದ್ದು) ಫ್ಲ್ಯಾಕ್ ಫೈಲ್ ತೆಗೆದುಕೊಂಡು ಆಡಾಸಿಟಿಯಲ್ಲಿ ತೆರೆಯಿರಿ, ಆರು ಚಾನೆಲ್ ಕಾಣುತ್ತವೆ. ಮೂರನೆಯದು ನಡುವಿನದು, ಸಾಮಾನ್ಯವಾಗಿ ಮಾತು ಇರುವುದು ಅಲ್ಲೇ. ಮಾತಿರುವ ಕಡೆ ಮಾತ್ರ ಅದನ್ನು ಮ್ಯೂಟ್ ಮಾಡಿ. ಮಾತಿನ ಜೊತೆ ಅಲ್ಲಿದ್ದ ಬೆಂಕಿಯ ಚಟಪಟ, ಬಟ್ಟೆಯ ಸರಬರವೂ ಹೋಗುತ್ತದೆ, ಅದನ್ನು ನೀವೇ ತುಂಬಬೇಕು. ಮುದುಕನ ಗುಡಿಸಲಿನ ದೃಶ್ಯಕ್ಕೆ ನಾವು ಒಣ ತೆಂಗಿನ ಗರಿ ಮುರಿದು ಸದ್ದು ಹಿಡಿದೆವು.

ಜೋಡಿಸಲು ಕೆಡೆನ್‌ಲೈವ್ ಅನ್ನುವ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಸಾಕು, ಅದೂ ಓಪನ್ ಸೋರ್ಸ್. ಸಿಂಟೆಲ್ ಸೆಕೆಂಡಿಗೆ 24 ಫ್ರೇಮ್‌ಗಳ ಚಿತ್ರ. ಪ್ರಾಜೆಕ್ಟ್ ಕೂಡ 24ರಲ್ಲೇ ಇರಲಿ. ತೆರೆಯ ಮೇಲೆ ಬರುವ ಕನ್ನಡದ ಹೆಸರುಗಳಿಗೆ ನೋಟೋ ಸಾನ್ಸ್ ಕನ್ನಡ ಫಾಂಟ್ ಬಳಸಿ, ಅದರ ಲೈಸೆನ್ಸ್ ಕೂಡ ಮುಕ್ತ. ಮೂಲ ಚಿತ್ರದ ಕೊನೆಯ ಹೆಸರುಗಳನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ನಿಮ್ಮದನ್ನು ಅದರ ನಂತರ ಹಾಕಿ: ‘ಮೂಲ ಚಿತ್ರ ಸಿಂಟೆಲ್, ಹಕ್ಕು ಬ್ಲೆಂಡರ್ ಫೌಂಡೇಶನ್, ಸಿಸಿ ಬೈ 3.0. ಮಾತುಗಳನ್ನು ಕನ್ನಡಕ್ಕೆ ಬದಲಾಯಿಸಲಾಗಿದೆ.’ ಜೊತೆಗೆ ಲೈಸೆನ್ಸ್‌ನ ಲಿಂಕ್. ದನಿ ಕೊಟ್ಟವರಿಂದ, ಮಕ್ಕಳಾದರೆ ಅಪ್ಪ ಅಮ್ಮನಿಂದ, ದನಿಯನ್ನೂ ಇದೇ ಲೈಸೆನ್ಸ್‌ನಲ್ಲಿ ಕೊಡಲು ಒಪ್ಪಿಗೆ ಅಂತ ಒಂದು ಚೀಟಿ ಬರೆಸಿಕೊಳ್ಳಿ.

ಯೂಟ್ಯೂಬ್‌ಗೆ ಹಾಕಿದಾಗ ಕ್ಲೇಮ್, ಅಂದರೆ ಇದರ ಹಕ್ಕು ನಮ್ಮದು ಅನ್ನುವ ಬೇರೆಯವರ ದೂರು, ಬಂದರೆ ಹೆದರಬೇಡಿ. 2014ರಲ್ಲಿ ಮೂಲ ಸಿಂಟೆಲ್ ಕೂಡ ಬೇರೆಯವರ ಕ್ಲೇಮ್‌ನಿಂದ ಅಲ್ಲಿ ಬ್ಲಾಕ್ ಆಗಿತ್ತು, ಆಮೇಲೆ ವಾಪಸ್ ಬಂತು. ಲೈಸೆನ್ಸ್ ತೋರಿಸಿ ಡಿಸ್ಪ್ಯೂಟ್ (ಆಕ್ಷೇಪಣೆ) ಹಾಕಿ. ವಿಕಿಪೀಡಿಯಾದ ಚಿತ್ರ, ವಿಡಿಯೋಗಳ ಭಂಡಾರವಾದ ವಿಕಿಮೀಡಿಯಾ ಕಾಮನ್ಸ್‌ಗೂ ಹಾಕಿ, ಅಲ್ಲಿಗೆ ಎಂಪಿ4 ಬದಲು ವೆಬ್‌ಎಂ ಅನ್ನುವ ವಿಡಿಯೋ ಫಾರ್ಮ್ಯಾಟ್ ಬೇಕು.

ಚಿತ್ರ ಹಾಕಿ ಅಷ್ಟಕ್ಕೇ ನಿಲ್ಲಿಸಬೇಡಿ. ಪಾತ್ರವಾರು ದನಿಗಳು, ತುಂಬಿದ ಸದ್ದುಗಳು, ಎಸ್‌ಆರ್‌ಟಿ, ಕೆಡೆನ್‌ಲೈವ್ ಪ್ರಾಜೆಕ್ಟ್ ಎಲ್ಲವನ್ನೂ ಒಂದು ಫೋಲ್ಡರ್ ಮಾಡಿ ಇಂಟರ್ನೆಟ್ ಆರ್ಕೈವ್ ಅನ್ನುವ ಪುಕ್ಕಟೆ ಆನ್‌ಲೈನ್ ಸಂಗ್ರಹದಲ್ಲಿ ಇಡಿ. ನಾಳೆ ಧಾರವಾಡದವರೊಬ್ಬರು ನಮ್ಮ ಮೈಸೂರು ಕಡೆಯ ಮುದುಕನ ದನಿ ತೆಗೆದು ತಮ್ಮೂರಿನ ಅಜ್ಜನದ್ದು ಹಾಕಬಹುದು. ಅವರಿಗೆ ಬೇಕಾಗುವುದು ‘ಮುದುಕ_ಗುಡಿಸಲು_03’ ಅಂತ ಹೆಸರಿರುವ ಫೈಲ್. ‘ಫೈನಲ್ ಹೊಸದು 2’ ಅಂತ ಇಟ್ಟರೆ ಅವರು ಅರ್ಧಕ್ಕೇ ಬಿಟ್ಟುಹೋಗುತ್ತಾರೆ.